ಉಪ್ಪು ತಿಂದ ಟಿ.ವಿ. ಗೇಮ್

ಯಂತ್ರವೊಂದು ಕೆಟ್ಟಿತೆಂದರೆ ಅದರ ನೆತ್ತಿಗೊಂದು ಪೆಟ್ಟು ಕೊಡುವುದು ಮನುಷ್ಯನ ಮೊದಲ ಚಿಕಿತ್ಸೆ. ಕಾರ್ಕಳದ ನಮ್ಮ ಮನೆಯ ರೇಡಿಯೋ ನನ್ನ ತಂದೆಯವರ ಕೈಯಿಂದ ತಿಂದಷ್ಟು ಏಟನ್ನು ಅವರ ನಾಲ್ಕು ಮಕ್ಕಳು ಸೇರಿಯೂ ತಿಂದಿಲ್ಲ. ಏಟು ತಿಂದ ಮೇಲೆ ಮಕ್ಕಳಿಗಿಂತ ರೇಡಿಯೋವೇ ಹೆಚ್ಚು ಸುಧಾರಿಸುತ್ತಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು. ಪೆಟ್ಟಿಗೂ ಬಗ್ಗದ ಯಂತ್ರಕ್ಕೆ ಎರಡನೆಯ ಚಿಕಿತ್ಸೆಯೊಂದಿದೆ: 'ಬಿಸಾಡಿ' ಎಂಬ ಮೂರಕ್ಷರದ ಮಂತ್ರ. ಈ ಪೆಟ್ಟಿಗೂ ಮಂತ್ರಕ್ಕೂ ನಡುವೆ, ಮುಚ್ಚಳ ತೆರೆದು ನೋಡುವುದೆಂಬ ಮೂರನೆಯ ದಾರಿಯೊಂದು ಇದೆಯೆಂದು, ವಿಜ್ಞಾನದ ಪದವಿ ಹೊತ್ತು ಆರು ವರ್ಷ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳಿದ ನನಗೆ ಕಲಿಸಿಕೊಟ್ಟವಳು, ಎಂಟನೆಯ ತರಗತಿಗೇ ಶಾಲೆ ಬಿಟ್ಟಿದ್ದ ನೆರೆಮನೆಯ ನಫೀಸಾ.

ಆಗ ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕಾಪುವಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರಾಗಿದ್ದೆ. ಬಾಡಿಗೆ ಹಿಡಿದ ಮನೆ ಸಮುದ್ರಕ್ಕೆ ಎಷ್ಟು ಹತ್ತಿರವೆಂದರೆ, ಒಣಗಲು ಹಾಕಿದ ಸೀರೆಯನ್ನು ನೆಕ್ಕಿದರೆ ಸಾರಿಗೆ ಉಪ್ಪು ಸಾಕೋ ಬೇಕೋ ಹೇಳಬಹುದಿತ್ತು. ಆಚೆಯ ಮನೆಯಲ್ಲಿ ನಫೀಸಾ ಮತ್ತು ಅವಳ ಮಾವ ಹಸನಬ್ಬ ಬ್ಯಾರಿಯವರು ಇದ್ದರು. ಅವಳ ಗಂಡ ಗಲ್ಫಿನಲ್ಲಿ ದುಡಿಯುತ್ತಿದ್ದ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವಾಗ ಆ ದೇಶದ ಸೋಜಿಗಗಳನ್ನು ಪೆಟ್ಟಿಗೆ ಪೆಟ್ಟಿಗೆಯಾಗಿ ತರುತ್ತಿದ್ದ. ಹಾಗೆ ಒಂದು ಸಲ ಟಿ.ವಿ. ಬಂತು. ನಮ್ಮ ಕಡೆಗೆ ಪ್ರಸಾರ ಇನ್ನೂ ತಲುಪಿರಲಿಲ್ಲ. ಚಿತ್ರ ಬರುವ ಮೊದಲೇ ಚಿತ್ರದ ಪೆಟ್ಟಿಗೆ ಬಂದು ಕೂರುವುದು ಗಲ್ಫಿನ ಮನೆಗಳಿಗೆ ಹೊಸತಲ್ಲ. ಅದರ ಸುಮ್ಮನಿರುವಿಕೆ ಸಹಿಸಲಾಗದೆಯೋ ಏನೋ, ಮುಂದಿನ ರಜೆಯಲ್ಲಿ ಆತ ಅದಕ್ಕೆ ಜೋಡಿಸುವ ಟಿ.ವಿ. ಗೇಮ್ ಒಂದನ್ನು ತಂದ. ಯಾರೋ ಆಡಿ ಬಿಟ್ಟದ್ದು, ಹಳೆಯದು. ಕಪ್ಪು ತೆರೆಯ ನಡುವೆ ಒಂದು ಗೀಟು, ಎರಡು ಬದಿಗೆ ಎರಡು ಬಿಳಿಯ ಕಡ್ಡಿ, ಅವುಗಳ ಮಧ್ಯೆ ಟಕ್ ಟಕ್ ಎಂದು ಓಡಾಡುವ ಚೌಕಾಕಾರದ ಒಂದು ಚೆಂಡು. ಕೈಯಲ್ಲಿರುವ ತಿರುಗುಗುಬ್ಬಿಯನ್ನು ತಿರುಗಿಸಿದರೆ ಕಡ್ಡಿ ಮೇಲೆ ಕೆಳಗೆ ಸರಿದು ಚೆಂಡನ್ನು ತಡೆಯುತ್ತದೆ. ಹದಿನೈದು ಅಂಕ ಮೊದಲು ಗಳಿಸಿದವರು ಗೆದ್ದರು. ಇಷ್ಟೇ ಆಟ.

ಹಸನಬ್ಬ ಬ್ಯಾರಿಯವರಿಗೆ ಕಟಪಾಡಿಯಲ್ಲಿ ಬಟ್ಟೆಯಂಗಡಿ ಇತ್ತು. ಕತ್ತರಿಯಿಂದ ಅಂಚಿಗೆ ಒಂದು ಕಚ್ಚು ಹಾಕಿ, ಮಿಕ್ಕದ್ದನ್ನು ಬಲಗೈಯ ಒಂದೇ ಎಳೆತಕ್ಕೆ ಚರ್ರೆಂದು ಹರಿದುಕೊಡುವ ಅವರ ಠೀವಿ ನೋಡಲೆಂದೇ ಬೇಡದ ಬಟ್ಟೆ ಕೊಂಡವರಿದ್ದಾರೆ, ನಾನೂ ಒಬ್ಬಳು. ಒಂದು ಬೆಳಿಗ್ಗೆ ಆ ಕೈಗೂ ಬಲಗಾಲಿಗೂ ಲಕ್ವ ಹೊಡೆಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಜೀವ ಉಳಿಸಿ, ಕಾಲು ನಡೆಯುವಂತೆ ಮಾಡಿ, ಕೈಗೆ ಒಂದು ರಬ್ಬರ್ ಚೆಂಡು ಕೊಟ್ಟು, ದಿನವೂ ಹಿಸುಕುತ್ತಿರಿ ಎಂದು ಹೇಳಿ ಕಳಿಸಿದರು. ಬ್ಯಾರಿಯವರು ಚೆಂಡನ್ನು ಒಂದು ದಿನ ಹಿಸುಕಿ, ಮರುದಿನ "ನಾನೆಂತ ತೊಟ್ಟಿಲ ಮಗುವಾ?" ಎಂದು ಅಂಗಳಕ್ಕೆ ಎಸೆದರು. ಎಡಗೈಯಿಂದ. ನೋಡಲು ಬಂದ ನೆಂಟರೆಲ್ಲ ಚಹಾ ಕುಡಿದು, "ಕೈ ಹೋಯಿತು, ಜೀವ ಉಳಿಯಿತಲ್ಲ" ಎಂದು ಸಮಾಧಾನ ಹೇಳಿ ಹೋದರು. ಅಂಗಡಿಗೆ ಬೀಗ ಬಿತ್ತು. ಬಲಗೈ ಹೊದ್ದ ಶಾಲಿನೊಳಗೆ ಸೇರಿತು.

ಆ ಕೈಯನ್ನು ಹೊರಗೆ ತೆಗೆಸಿದ್ದು ಟಿ.ವಿ. ಗೇಮ್. ನಫೀಸಾ ಒಂದು ಮಧ್ಯಾಹ್ನ ಎರಡೂ ಗುಬ್ಬಿಗಳನ್ನು ತಾನೇ ಹಿಡಿದು ತನ್ನೊಡನೆ ತಾನೇ ಆಡುತ್ತಿದ್ದಳಂತೆ. ಮಾವ ಸ್ವಲ್ಪ ಹೊತ್ತು ನೋಡಿ, ಒಬ್ಬಳೇ ಆಡಿ ಒಬ್ಬಳೇ ಸೋಲುವುದು ಯಾವ ಊರಿನ ಆಟ ಎಂದು ಹಂಗಿಸಿ ಎಡಗೈ ಚಾಚಿದರು. ಇವಳು ಗುಬ್ಬಿ ಕೊಡಲಿಲ್ಲ. "ಬಲಗೈಯಲ್ಲಾದರೆ ಮಾತ್ರ" ಎಂದಳು. ಅತ್ತೆಯಿಲ್ಲದ ಮನೆಯಲ್ಲಿ ಮಾವನಿಗೆ ಎದುರಾಡಿದ ಆ ಒಂದು ಮಾತಿಗೆ ಅವಳು ಎಷ್ಟು ದಿನ ಧೈರ್ಯ ಕೂಡಿಸಿದ್ದಳೋ! ಚಾಚಿದ ಎಡಗೈಯನ್ನು ಅವರು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಶಾಲು ಸರಿಯಿತು. ಮೊದಲ ದಿನ ಸೊನ್ನೆ ಅಂಕ, ವಾರ ಕಳೆದು ಎರಡು, ತಿಂಗಳಾಗುವಾಗ ಆರು. ಒಮ್ಮೆ ಅವಳು ಕರುಣೆಯಿಂದ ಬೇಕೆಂದೇ ಒಂದು ಚೆಂಡು ಬಿಟ್ಟದ್ದು ತಿಳಿದು ಅವರು ಆ ದಿನ ಊಟವನ್ನೇ ಬಿಟ್ಟರು. ಅಂದಿನಿಂದ ಅವಳು ಒಂದು ಚೆಂಡನ್ನೂ ಬಿಟ್ಟವಳಲ್ಲ.

ಅವರ ಅಂಕ ಹನ್ನೊಂದಕ್ಕೆ ಮುಟ್ಟಿದ ಸಂಜೆಯೇ ಯಂತ್ರ ಕೈಕೊಟ್ಟಿತು. ವಾರದಿಂದ ಅವರ ಬದಿಯ ಕಡ್ಡಿ ನಡುಗುತ್ತಿತ್ತು. ಆ ದಿನ ಚೆಂಡು ಮಧ್ಯದಾರಿಯಲ್ಲಿ ಮಾಯವಾಗಿ, ತೆರೆಯ ತುಂಬ ಬಿಳಿಯ ಚುಕ್ಕಿಗಳು ಕುದಿಯತೊಡಗಿದವು. ಆಟ ನೋಡಲು ಹೋಗಿದ್ದ ನಾನು ನನ್ನ ಪಿತ್ರಾರ್ಜಿತ ವಿದ್ಯೆಯನ್ನು ಪ್ರಯೋಗಿಸಿ ಎರಡು ಪೆಟ್ಟು ಕೊಟ್ಟೆ. ಗಿರಾಕಿಗಳ ಮುಂದೆ ನಗೆಚಾಟಿಕೆಗೆ ಹೆಸರಾಗಿದ್ದ ಹಸನಬ್ಬ ಬ್ಯಾರಿಯವರು ನಗಲಿಲ್ಲ. "ಬಿಡಿ ಟೀಚರ್. ಅದಕ್ಕೂ ನನ್ನ ಹಾಗೇ ಆಯಿತು" ಎಂದು ಕೈಯನ್ನು ಶಾಲಿನೊಳಗೆ ಎಳೆದುಕೊಂಡರು.

ಮರುದಿನವೇ ನಫೀಸಾ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನೊಡನೆ ಉಡುಪಿಯ ಬಸ್ಸು ಹತ್ತಿದಳು. ರೇಡಿಯೋ ರಿಪೇರಿಯ ಅಂಗಡಿಯಾತ ಅದನ್ನು ಕಿವಿಯ ಬಳಿ ಹಿಡಿದು, ತೆಂಗಿನಕಾಯಿಯಲ್ಲಿ ನೀರುಂಟೋ ಎಂದು ನೋಡುವವನಂತೆ ಅಲ್ಲಾಡಿಸಿದ.

"ಇದು ಹೊರದೇಶದ ಮಾಲು, ಟೀಚರೇ. ಇದರ ಪಾರ್ಟು ಇಲ್ಲಿ ಸಿಕ್ಕುವುದಿಲ್ಲ. ಬಿಸಾಡಿ."

"ಯಾವ ಪಾರ್ಟು ಹೋಗಿದೆ?" ಎಂದು ನಫೀಸಾ ಕೇಳಿದಳು.

"ಅದು ತೆರೆದರಲ್ವಾ ಗೊತ್ತಾಗುವುದು."

"ಹಾಗಾದರೆ ತೆರೆಯಿರಿ."

"ತೆರೆದು ಎಂತ ಮಾಡುವುದು ಮಾರಾಯ್ರೆ, ಪಾರ್ಟು ಸಿಕ್ಕುವುದಿಲ್ಲ ಅಂತ ಹೇಳಿದೆನಲ್ಲ!"

ತರ್ಕಶಾಸ್ತ್ರದಲ್ಲಿ ಇಂಥ ಪರಿಪೂರ್ಣವಾದ ವೃತ್ತವನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಫೀಸಾ ಯಂತ್ರವನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. ಹಿಂದಿರುಗುವ ಬಸ್ಸು ಕಟಪಾಡಿಯಲ್ಲಿ ನಿಂತಾಗ, ಬೀಗ ಹಾಕಿದ ಮಾವನ ಅಂಗಡಿ ಕಿಟಕಿಯಿಂದ ಕಾಣಿಸಿತು. ಅದನ್ನೇ ನೋಡುತ್ತ ಅವಳು, "ಮಾವನ ಕೈಗೂ ಎಲ್ಲರೂ ಕೂತಲ್ಲಿಂದಲೇ ಹೇಳಿದ್ದು ಟೀಚರ್, ಹೋಯಿತು ಅಂತ. ಇದನ್ನು ನಾವೇ ತೆರೆಯುವ" ಎಂದಳು. ನಾನು ತಡವರಿಸಿದ್ದನ್ನು ಕಂಡು, "ನೀವು ವಿಜ್ಞಾನದ ಟೀಚರ್ ಅಲ್ವಾ?" ಎಂದೂ ಸೇರಿಸಿದಳು. ಕರಿಹಲಗೆಯ ಮೇಲೆ ಸೀಮೆಸುಣ್ಣದ ವಿದ್ಯುತ್ತನ್ನು ಎಷ್ಟು ಬೇಕಾದರೂ ಹರಿಸಬಲ್ಲ ನಾನು, ನಿಜವಾದ ಬೆಸುಗೆಕಡ್ಡಿಯನ್ನು ಕೈಯಲ್ಲಿ ಹಿಡಿದವಳೇ ಅಲ್ಲವೆಂದು ಹೇಳಲು ಅದು ಸೂಕ್ತ ಸಮಯವಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವರ ಚಾವಡಿಯಲ್ಲಿ ಚಾಪೆ ಹಾಸಿ ಕುಳಿತೆವು. ಶಾಲೆಯ ಪ್ರಯೋಗಶಾಲೆಯಿಂದ ಅನುಮತಿ ಕೇಳಿ ತಂದ ವೋಲ್ಟ್ ಮೀಟರು ಮತ್ತು ಸ್ಪಿರಿಟ್ಟಿನ ಶೀಶೆ, ಹೊಸತಾಗಿ ಕೊಂಡ ಬೆಸುಗೆಕಡ್ಡಿ, ಅದರ ಬಿಸಿಗೆ ಕರಗುವ ಸೀಸದ ತಂತಿ, ಅವಳ ಹೊಲಿಗೆ ಯಂತ್ರದ ಸ್ಕ್ರೂಡ್ರೈವರು, ಇವಿಷ್ಟು ನಮ್ಮ ಆಯುಧಗಳು. ಮೂಲೆಯ ಆರಾಮಕುರ್ಚಿಯಲ್ಲಿ ಬ್ಯಾರಿಯವರು ನಮಗೆ ಬೆನ್ನು ತಿರುಗಿಸಿ ಕುಳಿತಿದ್ದರು. ಮೊದಲು ಕರೆಂಟು ಕೊಡುವ ಅಡಾಪ್ಟರನ್ನು ಅಳೆದೆವು, ಅದರಲ್ಲಿ ಲೋಪವಿರಲಿಲ್ಲ. ಹಾಗಾದರೆ ರೋಗ ಒಳಗಿದೆ. ನಾಲ್ಕು ಸ್ಕ್ರೂ ಬಿಚ್ಚಿದರೂ ಮುಚ್ಚಳ ಏಳಲಿಲ್ಲ. ನಾನು ಬಲಪ್ರಯೋಗಕ್ಕೆ ಹೊರಟಾಗ ನಫೀಸಾ ತಡೆದು, ತಳದ ಹೆಸರುಚೀಟಿಯ ಮೇಲೆ ಬೆರಳಾಡಿಸಿ, ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿದ ಸೂಜಿಯನ್ನು ಹುಡುಕುವಂತೆ ಚೀಟಿಯಡಿಗೆ ಅಡಗಿದ್ದ ಐದನೆಯದನ್ನು ಪತ್ತೆ ಮಾಡಿದಳು.

ಒಳಗೆ ಕಂಡದ್ದು ಹೊರದೇಶವಲ್ಲ, ನಮ್ಮ ಕಾಪುವೇ. ಹಿಂದಿನ ಯಜಮಾನ ಹಾಕಿ ಮರೆತಿದ್ದ ಬ್ಯಾಟರಿಗಳು ಒಡೆದು ರಸ ಕಾರಿಕೊಂಡಿದ್ದವು. ಅದಕ್ಕೆ ನಮ್ಮ ಸಮುದ್ರದ ಗಾಳಿ ಕೈಜೋಡಿಸಿ, ತಾಮ್ರದ ಗೆರೆಗಳ ಮೇಲೆ ಪಾಚಿಯಂಥ ಹಸಿರು ಕಿಲುಬು ಹಬ್ಬಿಸಿತ್ತು. ಒಂದು ಮೂಲೆಯಲ್ಲಿ ಹಲ್ಲಿಯ ಎರಡು ಮೊಟ್ಟೆಯ ಚಿಪ್ಪು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬುದು ಗಾದೆ. ಈ ಉಪ್ಪು ತಿಂದ ಯಂತ್ರಕ್ಕೆ ನಾವು ಸ್ಪಿರಿಟ್ಟು ಕುಡಿಸಿದೆವು. ಹತ್ತಿಯಲ್ಲಿ ಅದ್ದಿ ಅದ್ದಿ ಒರೆಸಿದ ಮೇಲೆ, ಕರೆಂಟು ಒಳಗೆ ಹರಿಯಬೇಕಾದ ಗೆರೆಯೊಂದು ಅಕ್ಕಿಕಾಳಿನಷ್ಟು ಉದ್ದಕ್ಕೆ ತಿಂದುಹೋಗಿದ್ದು ಕಾಣಿಸಿತು. ಯಾವ ಪಾರ್ಟೂ ಹೋಗಿರಲಿಲ್ಲ. ಹೋದದ್ದು ಒಂದಿಷ್ಟು ದಾರಿ.

ಆ ಕಡಿದ ದಾರಿಗೆ ತಂತಿಯ ಸೇತುವೆ ಕಟ್ಟುವ ಗೌರವವನ್ನು ನಾನೇ ವಹಿಸಿಕೊಂಡೆ. ಸೀಸ ಕರಗಿತು, ಹೊಗೆ ಎದ್ದಿತು, ಮತ್ತು ಕಡಲೆಗಾತ್ರದ ಹನಿಯೊಂದು ಬಿದ್ದು ಪಕ್ಕದ ಎರಡು ಗೆರೆಗಳನ್ನೂ ಒಂದು ಮಾಡಿತು. ಸ್ವಿಚ್ಚು ಹಾಕಿದೊಡನೆ ಅಡಾಪ್ಟರು ಗುಂಯ್‌ಗುಟ್ಟಿ ಬಿಸಿಯಾಯಿತು. ನಫೀಸಾ ಥಟ್ಟನೆ ಪ್ಲಗ್ಗು ಕಿತ್ತು, ನನ್ನ ಕೈಯಿಂದ ಬೆಸುಗೆಕಡ್ಡಿಯನ್ನು ವಿನಯದಿಂದಲೇ ತೆಗೆದುಕೊಂಡಳು. "ನೀವು ಎಲ್ಲಿ ಹಾಕಬೇಕೆಂದು ಹೇಳಿ, ಟೀಚರ್. ಹಾಕುವುದು ನಾನು." ರವಿಕೆಯ ಅಂಚಿಗೆ ಎಳೆಯೆಣಿಸಿ ಹೊಲಿಯುವ ಕೈ ಅದು, ನನ್ನ ಕಡಲೆಯನ್ನು ಕರಗಿಸಿ ತೆಗೆದು, ಸಾಸಿವೆಯಷ್ಟೇ ಸೀಸದಲ್ಲಿ ತಂತಿಯನ್ನು ಕೂರಿಸಿತು. ವಿಜ್ಞಾನ ಆ ದಿನ ಪಕ್ಕಕ್ಕೆ ಸರಿದು ದೀಪ ಹಿಡಿಯಿತು.

ಈ ಬಾರಿ ತೆರೆಯ ಮೇಲೆ ಮಂಜಿನೊಳಗಿಂದ ನಡುಗೀಟು ಮೂಡಿತು, ಆದರೆ ಟಿ.ವಿ.ಗೆ ಹೋಗುವ ವಯರನ್ನು ಮುಟ್ಟಿದಾಗಲೆಲ್ಲ ಮರೆಯಾಯಿತು. ಪಿನ್ನಿನ ಬುಡದಲ್ಲಿ ಒಳತಂತಿ ತುಂಡಾಗಿತ್ತು. ಅಷ್ಟನ್ನು ಕತ್ತರಿಸಿ ಮತ್ತೆ ಬೆಸೆದದ್ದೇ ಚಿತ್ರ ನಿಂತಿತು. ಉಳಿದದ್ದು ಕಡ್ಡಿಯನ್ನು ನಡುಗಿಸುತ್ತಿದ್ದ ಗುಬ್ಬಿ. ಅದು ತಿರುಗುವಾಗ ಒಳಗೆ ಉಜ್ಜಿಕೊಂಡು ಹೋಗುವ ಪಟ್ಟಿಗೂ ಕೊಳೆ ಹಿಡಿದಿತ್ತು. ಸ್ಪಿರಿಟ್ಟಿನ ಹನಿ ಬಿಟ್ಟು, ಕೊಳೆ ಕಳಚುವವರೆಗೆ ಆ ತುದಿಯಿಂದ ಈ ತುದಿಗೆ ತಿರುಗಿಸುತ್ತಲೇ ಇರಬೇಕು ಎಂದೆ. ನಫೀಸಾ ಎದ್ದು ಹೋಗಿ ಅದನ್ನು ಮಾವನ ಮಡಿಲಲ್ಲಿಟ್ಟಳು.

"ನನ್ನಿಂದ ಆಗುವುದಿಲ್ಲ" ಎಂದರು ಬ್ಯಾರಿಯವರು.

"ನಮ್ಮಿಂದ ಆಗುತ್ತದೆ ಅಂತ ಯಾರು ಹೇಳಿದ್ದು, ಮಾವ? ಇಲ್ಲಿವರೆಗೆ ಬಂದಿದ್ದೇವೆ. ಇನ್ನು ನೂರು ಸುತ್ತು ಮಾತ್ರ ಬಾಕಿ."

ಅವರು ಕುರ್ಚಿಯನ್ನು ನಮ್ಮ ಕಡೆಗೆ ತಿರುಗಿಸಲು ಹೇಳಿದರು. ಶಾಲಿನೊಳಗಿಂದ ಕೈ ಬಂತು. ಬೆರಳುಗಳು ಗುಬ್ಬಿಯನ್ನು ಸುತ್ತಿ ಹಿಡಿಯುವುದಕ್ಕೇ ಒಂದು ನಿಮಿಷ ಬೇಕಾಯಿತು. ಆಮೇಲೆ ಅವರು ಎಣಿಸತೊಡಗಿದರು, ಬಟ್ಟೆ ಅಳೆಯುವ ಲಯದಲ್ಲಿ, ಗಟ್ಟಿಯಾಗಿ. ಇಪ್ಪತ್ತಕ್ಕೆ ಬೆವರು ಬಂತು; ನಲವತ್ತರಲ್ಲಿ ನಿಂತು ನೀರು ಕೇಳಿದರು. ನೂರಾದ ಮೇಲೂ ನಿಲ್ಲಿಸದೆ, "ಕಟಪಾಡಿಯಲ್ಲಿ ನಾನು ನೂರಕ್ಕೆ ನಿಲ್ಲಿಸಿದವನಲ್ಲ" ಎಂದು ಹತ್ತು ಸುತ್ತು ಹೆಚ್ಚೇ ಹಾಕಿದರು.

ಆ ದಿನ ಅವರು ಸೊಸೆಯೆದುರು ಗಳಿಸಿದ್ದು ಒಂದೇ ಅಂಕ. ಆದರೆ ಬಿಳಿಯ ಕಡ್ಡಿ ನಡುಗಲಿಲ್ಲ.

ಯಂತ್ರ ಕೈಯನ್ನು ಗುಣಪಡಿಸಿತೆಂದು ನಾನು ಹೇಳುವುದಿಲ್ಲ. ಪೂರ್ತಿ ಗುಣ ಆಗಲೂ ಇಲ್ಲ. ಬಟ್ಟೆ ಹರಿಯುವ ಆ ಠೀವಿ ಮರಳಲಿಲ್ಲ. ಆದರೆ ಮಳೆಗಾಲ ಕಳೆಯುವಾಗ ಅವರು ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಳ್ಳುತ್ತಿದ್ದರು; ಕಟಪಾಡಿಯ ಬೀಗ ತೆರೆದು, ಕತ್ತರಿಯಿಂದಲೇ ಉದ್ದಕ್ಕೂ ನಿಧಾನವಾಗಿ ಕತ್ತರಿಸಿ ಕೊಡತೊಡಗಿದರು. ಅವಸರದ ಗಿರಾಕಿಗಳಿಗೆ, "ಅವಸರ ಇದ್ದರೆ ಬೇರೆ ಅಂಗಡಿ ಉಂಟು" ಎನ್ನುತ್ತಿದ್ದರಂತೆ.

ಒಂದು ರಜಾದಿನ ನಾನು ಅವರ ಎದುರು ಕೂತು ಆಡಿದೆ. ಕೋನ, ವೇಗ, ಪ್ರತಿಫಲನಗಳ ಪಾಠವನ್ನೆಲ್ಲ ಮನಸ್ಸಿನಲ್ಲೇ ಒಮ್ಮೆ ಓದಿಕೊಂಡು ಆಡಿದೆ. ಹದಿನೈದು–ಹದಿಮೂರಕ್ಕೆ ಸೋತೆ. ಬಾಗಿಲಲ್ಲಿ ನಿಂತಿದ್ದ ನಫೀಸಾ ಸೆರಗನ್ನು ಬಾಯಿಗೊತ್ತಿಕೊಂಡಳು. "ಇನ್ನೊಂದು ಆಟ" ಎಂದೆ, ನನ್ನ ಧ್ವನಿಯಲ್ಲಿದ್ದ ಹಟ ನನಗೇ ನಾಚಿಕೆ ತರಿಸುವಂತೆ.

ಹಸನಬ್ಬ ಬ್ಯಾರಿಯವರು ಉತ್ತರ ಕೊಡಲು ಅವಸರಪಡಲಿಲ್ಲ. ಬಲಗೈಯನ್ನು ನಿಧಾನವಾಗಿ ಚಾಚಿ, ಒಂದು ಬೆರಳನ್ನು ಬಿಡಿಸಿ, ಸ್ವಿಚ್ಚನ್ನು ತಾವೇ ಆರಿಸಿದರು.

"ಇವತ್ತಿಗೆ ಸಾಕು, ಟೀಚರ್. ಸೋತವರು ನಾಳೆ ಬನ್ನಿ."