ಓಬಕ್ಕನ ಬೇವಿನ ಕೊರಡು

ಇಡೀ ಊರು ಗುಡ್ಡದ ಮೇಲೆ ಚಳಿಗೆ ಹಲ್ಲು ಕಡಿಯುತ್ತ ನಿಂತಿರುವಾಗ ಓಬಕ್ಕ ತನ್ನ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಮೊದಲು ಹರಳೆಣ್ಣೆ ಹಚ್ಚಬೇಕು, ಸಿಕ್ಕು ಬಿಡಿಸಬೇಕು, ತುರುಬು ಕಟ್ಟಬೇಕು, ಆಮೇಲೆ ಎಲೆಅಡಿಕೆ. ಕರೆಯಲು ಬಂದವರಿಗೆ, "ಬರ್ತೀನಿ ತಡೀರಿ. ನಿಮ್ಮ ಅಜ್ಜ ಎಲ್ಲಿಗೂ ಓಡಿ ಹೋಗಲ್ಲ" ಎನ್ನುತ್ತಿದ್ದಳು. ಬಾಚಣಿಗೆಯಿಂದ ಒಂದೊಂದೇ ಕೂದಲು ತೆಗೆದು ಬೆರಳಿಗೆ ಸುತ್ತುವ ಆ ನಿಧಾನ ನೋಡಿ ನಿಂತವರ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೆ ಬೇಕಾದದ್ದೂ ಅದೇ.

ಜಗಳೂರಿನ ಬಸ್ಸು ಇಳಿದು ಎರಡು ಮೈಲಿ ಹತ್ತಿದರೆ ನಮ್ಮೂರು. ಊರ ನೆತ್ತಿಯ ಮೇಲೆ ಗುಡ್ಡದಜ್ಜನ ಗದ್ದಿಗೆ. ಯಾವುದೋ ಕಾಲದಲ್ಲಿ ಮಾಗಿಯ ಚಳಿಗೆ ಸೆಟೆದು ಬಿದ್ದಿದ್ದ ಆ ಸಾಧುವನ್ನು ಊರವರು ಮನೆಗೊಂದು ಕೊರಡು ತಂದು ಬೆಂಕಿ ಹಾಕಿ ಬದುಕಿಸಿದರಂತೆ. ಆತ ಇಲ್ಲೇ ನಿಂತು ಊರು ಕಾಯ್ದನಂತೆ. ಅದಕ್ಕಾಗಿ ಪ್ರತಿ ಮಾಗಿಯಲ್ಲೂ ಒಂದು ಸಂಜೆ, ಹೊತ್ತು ಮುಳುಗುವ ಮುಂಚೆ, ಗದ್ದಿಗೆಯ ಮುಂದೆ ಅಜ್ಜನ ಬೆಂಕಿ. ಮನೆಗೊಂದು ಕೊರಡು ಬರಬೇಕು, ಒಂದು ಮನೆಯದೂ ತಪ್ಪುವಂತಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ಒಂದು ಮನೆಯದು ತಪ್ಪಿತು. ಅದು ಓಬಕ್ಕನ ಮನೆ. ಗದ್ದಿಗೆಯ ಸುತ್ತ ಇರುವ ಬೇವಿನ ತೋಪು ಅಜ್ಜನದು, ಅಲ್ಲಿ ಕೊಡಲಿ ಆಡಿಸುವಂತಿಲ್ಲ. ಆ ವರ್ಷ ಅಲ್ಲಿಂದ ದೊಡ್ಡ ಮರವೊಂದು ಮಾಯವಾಗಿತ್ತು. ಓಬಕ್ಕನ ಗಂಡ ತಿಪ್ಪಣ್ಣ ತನ್ನ ಹಿತ್ತಲಿನ ಬೇವು ಕಡಿದು ಕೊರಡು ಹೊತ್ತು ತಂದ. ಊರ ಗೌಡ ಎಲ್ಲರೆದುರು ಅದನ್ನು ಕಾಲಿನಿಂದ ಒದ್ದು, "ಅಜ್ಜನ ಮರ ಕಡ್ದು ಅಜ್ಜಗೇ ಒಪ್ಪಿಸ್ತೀಯೇನೋ ಕಳ್ಳ? ತಗಂಡ್ ನಡಿ" ಎಂದ. ಅಷ್ಟು ಭಾರದ ಕೊರಡನ್ನು ತಿಪ್ಪಣ್ಣ ಮತ್ತೆ ಹೆಗಲಿಗೇರಿಸಿಕೊಂಡು ಒಬ್ಬನೇ ಗುಡ್ಡ ಇಳಿದ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಮೂರು ತಿಂಗಳಿಗೆ ಗೌಡನ ಹೊಸ ಮನೆಗೆ ಬೇವಿನ ಬಾಗಿಲು ಚೌಕಟ್ಟು ಬಂದು ಕೂತಿತು. ಊರೆಲ್ಲ ಅದರ ಕೆಳಗೇ ತಲೆ ಬಗ್ಗಿಸಿ ಒಳಗೆ ಹೋಗಿ ಹೋಳಿಗೆ ಉಂಡು ಬಂತು. ತಿಪ್ಪಣ್ಣ ಮಾತ್ರ ಆಮೇಲೆ ಮನೆಯಿಂದ ಹೊರಗೆ ಮುಖ ತೋರಿಸಲಿಲ್ಲ, ಮುಂದಿನ ಮಾಗಿಯನ್ನು ಕಾಣಲೂ ಇಲ್ಲ.

ಅದೇ ವರ್ಷ ಕುರಿಗಳಿಗೆ ರೋಗ ಬಂದು ಹಟ್ಟಿಗೆ ಹಟ್ಟಿಯೇ ಖಾಲಿಯಾಯಿತು. ಒಂದು ಮನೆಯ ಕೊರಡು ಬಿಟ್ಟು ಬೆಂಕಿ ಹಾಕಿದ್ದಕ್ಕೇ ಅಜ್ಜ ಮುನಿದ ಎಂದು ಹಿರಿಯರು ತೀರ್ಮಾನಿಸಿದರು. ಊರಿನ ಜುಟ್ಟು ಓಬಕ್ಕನ ಕೈಗೆ ಬಂದದ್ದು ಹಾಗೆ. ಅವಳ ಕೊರಡು ಬಾರದೆ ಬೆಂಕಿ ಹಾಕುವಂತಿಲ್ಲ, ಅವಳು ಬೇಗ ಕೊಡುವವಳಲ್ಲ. ತಲೆ ಬಾಚಿ, ಎಲ್ಲರನ್ನೂ ನಡುಗಿಸಿ, ಕೊನೆಗೆ ಯಾವುದೋ ಒಂದು ಜಾಲಿ ತುಂಡು ಕೊಡುತ್ತಿದ್ದಳು.

ಗೌಡ ಒದ್ದ ಕೊರಡನ್ನು ಮಾತ್ರ ಕೊಡಲಿಲ್ಲ. ಅದನ್ನು ಪಡಸಾಲೆಯ ಗೋಡೆಗೆ ಆನಿಸಿ, ಹುಳ ಹಿಡಿಯದಂತೆ ಅಮಾವಾಸ್ಯೆಗೊಮ್ಮೆ ಎಣ್ಣೆ ಸವರುತ್ತಿದ್ದಳು. ನಾನು ಎದುರು ಮನೆಯ ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದೆ. "ಯಾಕಕ್ಕ ಅದನ್ನ ಮಡಿಕ್ಕಂಡಿದೀಯ?" ಎಂದು ಒಮ್ಮೆ ಕೇಳಿದೆ.

"ಗೌಡ ಅದನ್ನ ಹೊತ್ಕಂಡು ಗುಡ್ಡ ಹತ್ಬೇಕು. ಹತ್ತಿ, ಮರ ಕಡಿಸಿದ್ದು ನಾನು ಅಂತ ಬಾಯಿ ಬಿಡಬೇಕು. ಅಲ್ಲೀತನಕ ನನ್ನ ಜೀವ ಹೋಗಲ್ಲ ತಮ್ಮಾ."

ಹೊಲಕ್ಕೆ ಹೋಗುವಾಗ ದಿನವೂ ಗೌಡನ ಬಾಗಿಲಲ್ಲಿ ನಿಂತು ಆ ಚೌಕಟ್ಟು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಒಳಗಿನವರು ರೇಗಿದರೆ, "ಅಜ್ಜನ ಮರ ಕಣ್ರಿ, ಕೈ ಮುಗಿದ್ರೆ ತಪ್ಪೇನೈತೆ?" ಎಂದು ಬೀದಿಗೆಲ್ಲ ಕೇಳುವಂತೆ ಹೇಳುವಳು. ನನ್ನನ್ನೂ ಬಿಡುತ್ತಿರಲಿಲ್ಲ. "ನೀನು ಹೊಲ್ದ ಕುಪ್ಪಸದಾಗೆ ಕೈ ಎತ್ತಾಕೇ ಬರಲ್ಲ. ನಾಳೆ ಯಾರಿಗಾದ್ರೂ ಹೊಡ್ಯಾಕೆ ಹೆಂಗೆ?" ಎಂದು ಮೂರು ಸಲ ತೋಳು ಬಿಚ್ಚಿಸಿದ್ದಳು.

ಹನ್ನೊಂದನೆಯ ಮಾಗಿಯಲ್ಲಿ ಅವಳು ಎಂದಿನಂತೆ ತಲೆ ಬಾಚಿ, ಎಲೆಅಡಿಕೆ ಹಾಕಿಕೊಂಡು, "ಈ ವರ್ಷ ಬ್ಯಾರೆ ಕೊರಡು ಇಲ್ಲ. ಇರಾದು ಅದೊಂದೇ. ಹೊರಬೇಕಾದವ್ರು ಬಂದು ಹೊರ್ಲಿ" ಎಂದಳು. ಹೊತ್ತು ಇಳಿಯುತ್ತಿತ್ತು. ಅಷ್ಟು ವರ್ಷ ಸುಮ್ಮನಿದ್ದವರಿಗೆಲ್ಲ ಚಳಿಯಲ್ಲಿ ಬಾಯಿ ಬಂತು. "ಹೊತ್ಬಿಡ್ರಿ ಗೌಡ್ರೆ, ಊರಿಗೆ ಒಳ್ಳೇದಾಗ್ಲಿ" ಎಂದು ಗಂಟುಬಿದ್ದರು.

ಗೌಡ ಆಗಲೇ ಅರವತ್ತೈದು ದಾಟಿದವನು. ಗುಡ್ಡ ಇಳಿದು ಅವಳ ಮನೆಗೆ ಬಂದು, ರುಮಾಲು ಬಿಚ್ಚಿ, ಸುತ್ತಿ ಹೆಗಲಿಗಿಟ್ಟುಕೊಂಡು ಕೊರಡು ಹೊತ್ತ. ಓಬಕ್ಕ ಹಿಂದೆಯೇ ನಡೆದಳು. ಅವನು ಉಸಿರಿಗೆ ನಿಂತರೆ "ನಡೀರಿ" ಎನ್ನುವಳು, ಅಷ್ಟೇ. ಸುಳ್ಳೇಕೆ ಹೇಳಲಿ, ಅವನ ಕಾಲು ನಡುಗಿದಷ್ಟೂ ನನಗೆ ಹಿತವಾಗುತ್ತಿತ್ತು. ಕಡೆಯ ಏರಿನಲ್ಲಿ ಅವನು ಮುಗ್ಗರಿಸಿದಾಗ ನಾಲ್ಕು ಜನ ಓಡಿಹೋಗಿ ಹೆಗಲು ಕೊಟ್ಟೆವು. ಗದ್ದಿಗೆಯ ಮುಂದೆ ಗೌಡ ನೆಲ ನೋಡುತ್ತ, "ಮರ ಕಡಿಸಿದ್ದು ನಾನೇ. ತಿಪ್ಪಣ್ಣ ಅಲ್ಲ" ಎಂದ. ಬೆಂಕಿ ಎದ್ದಿತು. ಓಬಕ್ಕ ಅಂಗೈಯನ್ನೂ ಕಾಯಿಸಿಕೊಳ್ಳದೆ ಇಳಿದು ಹೋದಳು.

ಮರುವರ್ಷ ನಾನು ಹೊನ್ನಾಳಿಯಲ್ಲಿ ಅಂಗಡಿ ಹಾಕಲು ಹೊರಟೆ. ಹೇಳಿ ಹೋಗೋಣವೆಂದು ಹೋದರೆ ಅವಳು ಹಾಸಿಗೆ ಹಿಡಿದಿದ್ದಳು.

"ಗೌಡ ಒಪ್ಕಂಡನಲ್ಲ, ಈಗ ಸಮಾಧಾನ ಆತೇನಕ್ಕ?"

"ಗೌಡಂದು ಮುಗೀತು. ಅವನು ವೈರಿ, ವೈರಿ ಕೆಲ್ಸ ಮಾಡ್ದ. ಅವನು ಮುಗ್ಗರಿಸಿದ್ರೆ ನಾಲ್ಕು ಹೆಗಲು ಬಂದ್ವು. ನನ್ನ ಗಂಡ ಅಷ್ಟು ದೂರ ಒಬ್ಬನೇ ಹೊತ್ಕಂಡು ಇಳ್ದ. ಅವತ್ತು ನೀನೂ ಅಲ್ಲೇ ಇದ್ದಲ್ಲ ತಮ್ಮಾ, ನಿನ್ನ ಹೆಗಲು ಎಲ್ಲಿತ್ತು?"

ಅವತ್ತು ನನಗೆ ಇಪ್ಪತ್ತೆರಡು ವರ್ಷ. ಕಂಬಳಿ ಹೊದ್ದು ಮುಂದಿನ ಸಾಲಿನಲ್ಲೇ ನಿಂತಿದ್ದೆ. ಉತ್ತರಕ್ಕೆ ಕಾಯದೆ ಅವಳು ಗೋಡೆಯ ಕಡೆ ಹೊರಳಿದಳು. ಹೋಗಿ ಬಾ ಎನ್ನಲಿಲ್ಲ.

ಅವಳು ಸತ್ತ ಸುದ್ದಿ ಬಂದಾಗ ಅಂಗಡಿ ಮುಚ್ಚಿ ಬಸ್ಸು ಹಿಡಿದೆ. ತಿಪ್ಪಣ್ಣ ಕೊರಡು ಹೊತ್ತು ಇಳಿದ ದಿನ ಗುಡ್ಡದ ಮೇಲೆ ನಿಂತಿದ್ದ ಯಾರೂ ತನ್ನ ಚಟ್ಟ ಮುಟ್ಟಬಾರದು ಎಂದು ಹೇಳಿಯೇ ಸತ್ತಿದ್ದಳು. ನ್ಯಾಮತಿ ಕಡೆಯಿಂದ ಬಂದ ತವರಿನ ನಾಲ್ವರು ಅವಳನ್ನು ಹೊತ್ತರು. ನಮ್ಮೂರಿನ ಗಂಡಸರೆಲ್ಲ ಹಿಂದೆ ಬರಿಗೈಯಲ್ಲಿ ನಡೆದೆವು.