ಕುಸುಬಿ ಎಣ್ಣೆಯ ಬಂದೂಕು

ಒಂದು ಕಾಲಕ್ಕೆ ಅಮೆರಿಕದ ಬಯಲುಸೀಮೆಯ ಬೇಟೆಗಾರರು ಹೆಗಲಿಗೇರಿಸಿ ತಿರುಗುತ್ತಿದ್ದ ಬಂದೂಕು ಗಜೇಂದ್ರಗಡದ ನಮ್ಮ ಪಡಸಾಲೆಗೆ ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದಿತು. ಬಾಯಿಯಿಂದ ಮದ್ದು ತುಂಬಿ, ಕೋಲಿನಿಂದ ಜಡಿದು ಹಾರಿಸುವ ಜಾತಿಯದರ ನಕಲು. ಆದರೆ ಹಾರುವುದಿಲ್ಲ. ನಳಿಗೆಯ ಬಾಯಿಯನ್ನು ಎರಡು ಬೆರಳಿನಷ್ಟು ಕೊರೆದು, ಒಳಗೆಲ್ಲ ಗಟ್ಟಿ ಕಬ್ಬಿಣವನ್ನೇ ಬಿಟ್ಟಿದ್ದರು. ನೋಡಲಿಕ್ಕೆ ಮಾತ್ರ. ನರಗುಂದದ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನನಗೂ ಅದಕ್ಕೂ ಆ ಮಟ್ಟಿಗೆ ಹೊಂದಾಣಿಕೆಯಿತ್ತು.

ತರಿಸಿದ್ದು ಅಣ್ಣನಿಗಾಗಿ. ಅಪ್ಪನ ಹತ್ತಿರ ಇಂಥದೇ ಒಂದು ಬಂದೂಕಿತ್ತು. ರಾಜೂರ ದಾರಿಯ ಹೊಲದಲ್ಲಿ ಜೋಳಕ್ಕೆ ಬೀಳುವ ಹಂದಿ, ಚಿಗರಿಗಳನ್ನು ಅವನು ಬರೀ ಮದ್ದಿನ ಸದ್ದಿನಿಂದ ಓಡಿಸುತ್ತಿದ್ದ. ಲೈಸೆನ್ಸು ಅವನ ಹೆಸರಿನಲ್ಲಿತ್ತು. ಅವನು ತೀರಿದ ಮೇಲೆ ಬಂದೂಕು ಠಾಣೆ ಸೇರಿತು. ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅಣ್ಣ ವರ್ಷಗಟ್ಟಲೆ ಓಡಾಡಿದ. ಹೋದಲ್ಲೆಲ್ಲ ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ಬಂದೂಕು ಕೊಡಲಿಲ್ಲ.

ದಸರೆಯ ಖಂಡೇನವಮಿಯ ದಿನ ನಮ್ಮ ಮನೆಯಲ್ಲಿ ದುಡಿಯುವ ಸಾಮಾನುಗಳೆಲ್ಲ ದೇವರ ಮುಂದೆ ಹಲಗೆಯ ಮೇಲೆ ಕೂಡುತ್ತವೆ. ಕುಡಗೋಲು, ಕೊಡಲಿ, ತಕ್ಕಡಿ, ಟ್ರ್ಯಾಕ್ಟರಿನ ಕೀಲಿ, ಅಣ್ಣನ ಹೆಂಡತಿ ವೈನಿಯ ಈಳಿಗೆ ಮಣೆ. ಅವುಗಳ ನಡುವೆ ಅಣ್ಣ ಪ್ರತಿವರ್ಷ ಒಂದು ಬಂದೂಕಿನ ಉದ್ದದ ಜಾಗ ಖಾಲಿ ಬಿಟ್ಟು, ಬರಿಯ ಹಲಗೆಗೆ ವಿಭೂತಿ ಹಚ್ಚುತ್ತಿದ್ದ. ಹೋದ ವರ್ಷ ಹಚ್ಚುತ್ತ, ನನ್ನ ಕಡೆ ನೋಡದೆ, "ನಾ ಹ್ವಾದ ಮ್ಯಾಲ ಇಲ್ಲಿ ಏನಿತ್ತಂತ ಯಾರಿಗೆ ಗೊತ್ತಿರತೈತಿ" ಅಂದ. ಆ ಜಾಗವನ್ನು ತುಂಬಿಸಿಯೇ ತೀರುತ್ತೇನೆಂದು ನಾನು ಅಲ್ಲಿಯೇ ಸಂಕಲ್ಪ ಮಾಡಿದೆ. ನನ್ನ ಸಂಕಲ್ಪಗಳ ಇತಿಹಾಸ ಬಲ್ಲ ಹೆಂಡತಿ ಹೂ ಕಟ್ಟುವುದನ್ನು ಮುಂದುವರಿಸಿದಳು.

ಕಟ್ಟಿಗೆಯ ಭಾಗವನ್ನು ಮುಕ್ಕಾಲು ಕೆತ್ತಿಯೇ ಕಳಿಸಿದ್ದರು. ಕಷ್ಟವನ್ನೆಲ್ಲ ಉಳಿದ ಕಾಲು ಭಾಗದಲ್ಲಿ ಇಟ್ಟಿದ್ದರು. ಎಂಟು ಮೂಲೆಯ ನಳಿಗೆಗೆ ದೀಪದ ಕಾಡಿಗೆ ಬಳಿದು ಕಟ್ಟಿಗೆಯ ತೋಡಿನಲ್ಲಿ ಒತ್ತಬೇಕು, ಕಪ್ಪು ಹತ್ತಿದಲ್ಲಿ ಉಳಿಯಿಂದ ಕೆರೆಯಬೇಕು, ಮತ್ತೆ ಒತ್ತಬೇಕು. ರೋಣದಿಂದ ಹೊಸ ಉಳಿ, ಅರ ತಂದು ಶ್ರಾವಣವೆಲ್ಲ ಕೆರೆದೆ. ಕಾಡಿಗೆ ಕಟ್ಟಿಗೆಗಿಂತ ನನ್ನ ಮೋರೆಗೇ ಹೆಚ್ಚು ಹತ್ತಿತು. ಕಟ್ಟೆಯ ಮೇಲೆ ಕೂಡುವ ನೆರೆಮನೆಯವರು ದಿನಾ ವಿಚಾರಿಸುತ್ತಿದ್ದರು: "ಮಾಸ್ತರ್ರ, ದಂಡು ಯಾವಾಗ ಹೊಂಡತೈತ್ರಿ?"

ಕೊನೆಗೆ ಕಟ್ಟಿಗೆಗೆ ಅಗಸೆ ಎಣ್ಣೆ ಉಜ್ಜಬೇಕೆಂದು ಪೆಟ್ಟಿಗೆಯ ಸೂಚನೆಯಲ್ಲಿತ್ತು. ಚೀಲ ಹಿಡಿದು ಹೊರಟವನನ್ನು ಅಣ್ಣ ಬಾಗಿಲಲ್ಲೇ ತಡೆದ.

"ಅಗಸಿ ಎಣ್ಣಿ ತರಾಕ ಪ್ಯಾಟಿಗೆ ಯಾಕ ಹೊಂಟಿ? ಮನ್ಯಾಗ ಕುಸುಬಿ ಎಣ್ಣಿ ಐತಲ್ಲ."

ಸೂಚನೆಯಲ್ಲಿ ಹಾಗೆ ಬರೆದಿಲ್ಲ ಎಂದೆ.

"ಅದನ್ನ ಬರದಾವ ನಮ್ಮ ಮನಿ ಊಟ ಉಂಡಾನೇನು?"

ಉಂಡಿರಲಿಲ್ಲ, ಖರೇ. ನಮ್ಮ ಮನೆಯಲ್ಲಿ ಒಗ್ಗರಣೆಗೆ, ತಲೆಗೆ, ಎತ್ತಿನ ಕೋಡಿಗೆ, ಬಾಗಿಲ ತಿರುಗಣಿಗೆ ಎಲ್ಲಕ್ಕೂ ಕುಸುಬಿಯೇ. ಧಾರಾಳವಾಗಿ ಹಚ್ಚಿದೆ. ಅದು ಒಣಗಲಿಲ್ಲ. ಬಿಸಿಲಿಗಿಟ್ಟೆ, ಎರೆಹೊಲದ ಧೂಳು ಬಂದು ಕೂತಿತು. ಒಳಗಿಟ್ಟೆ, ಅರಳೆಯ ಎಳೆಗಳು ಹತ್ತಿದವು. ಒರೆಸಿದರೆ ಬಟ್ಟೆಯೇ ಅಂಟಿಕೊಂಡಿತು. ನವಮಿಯ ಹೊತ್ತಿಗೆ ಅದು ಪಾಕ ಹೊಯ್ದಂತೆ ಜಿಗಿಜಿಗಿ ಎನ್ನುತ್ತಿತ್ತು.

ಆದರೂ ಹಿಡಿದುಕೊಂಡು ಹೋಗಿ ಅಣ್ಣನ ಕೈಗೆ ಕೊಟ್ಟೆ. ಅವನು ಸ್ನಾನ ಮಾಡಿ, ಹಲಗೆಯ ಮೇಲೆ ಎಲ್ಲ ಹೊಂದಿಸಿ, ಎಂದಿನ ಜಾಗ ಬಿಟ್ಟು ಕೂತಿದ್ದ. ಎದ್ದು ನಿಂತು, ಅಪ್ಪನ ಹಾಗೆಯೇ ಹೆಗಲಿಗೆ ಆನಿಸಿ, ಬಾಗಿಲಾಚೆ ಕಾಣುವ ಗುಡ್ಡದ ಕಡೆ ಗುರಿ ಹಿಡಿದು ಬಹಳ ಹೊತ್ತು ನಿಂತ.

"ತೂಕ ಬರೋಬ್ಬರಿ ಐತಿ" ಅಂದ. ನನ್ನ ಎದೆ ಉಬ್ಬಿತು. ಆಮೇಲೆ ಕೇಳಿದ, "ಇದು ಏನ್ ದುಡದೈತಿ?"

ನಮ್ಮ ಹಲಗೆಯ ಕಾನೂನು ನನಗೆ ಗೊತ್ತಿರಲಿಲ್ಲವೆಂದಲ್ಲ. ಬೆಳೆಗೆ ಔಷಧಿ ಹೊಡೆಯುವ ಹೊಸ ಪಂಪು ಇನ್ನೂ ಹೊಲ ನೋಡಿಲ್ಲವೆಂದು ಅಣ್ಣ ಅದನ್ನು ಒಂದು ನವಮಿಯಲ್ಲಿ ಹೊರಗಿಟ್ಟಿದ್ದ; ಹಿಡಿ ಮುರಿದ ಕುಡಗೋಲಿಗೆ ಮಾತ್ರ ಇಂದಿಗೂ ಮೊದಲ ಹೂವು. ಬಂದೂಕಿಗೆ ಈ ಕಾನೂನು ತಾಕದೆಂದು ನಾನೇ ತೀರ್ಪು ಬರೆದುಕೊಂಡಿದ್ದೆ.

"ಜಾಗಾ ಖಾಲಿ ಇರತೈತಲ್ಲ ಅಣ್ಣಾ, ಅದಕ್ಕ ಮಾಡೀನಿ" ಎಂದೆ.

"ಖಾಲಿ ಎಲ್ಲೈತೋ?" ಅಣ್ಣನಿಗೆ ಸಿಟ್ಟೇನೂ ಇರಲಿಲ್ಲ. "ಅಲ್ಲಿ ಅಪ್ಪನ ಬಂದೂಕ ಐತಿ."

ಒಂದು ಶ್ರಾವಣದ ಕೆತ್ತನೆಯನ್ನು ಎತ್ತಿಕೊಂಡು ಹೋಗಿ ಜೋಳದ ಚೀಲಗಳ ಸಂದಿಯಲ್ಲಿ ನಿಲ್ಲಿಸಿ ಬಂದೆ. ಅಣ್ಣ ಹಲಗೆಗೆ ವಿಭೂತಿ ಹಚ್ಚಿದ. ಅರ್ಧ ಅವನ ಅಂಗೈಯಲ್ಲೇ ಉಳಿಯಿತು.

ಊಟಕ್ಕೆ ಹೋಳಿಗೆ. ಕೂಡುವ ಮೊದಲು ವೈನಿ ಕೈಗೆ ನೀರು ತಂದರು. ಅಣ್ಣ ಬೇಡವೆಂದು ಚಮಚ ಕೇಳಿದ. ಚಮಚದಲ್ಲಿ ಉಣ್ಣುವವರನ್ನು ಜೀವಮಾನವೆಲ್ಲ ಆಡಿಕೊಂಡವನು. ಬೆರಳಿಗೆ ಏನಾದರೂ ಪೆಟ್ಟಾಗಿದೆಯೇ ಎಂದು ವೈನಿ ಗಾಬರಿಯಾಗಿ ಕೇಳಿದರು. ಏನೂ ಇಲ್ಲವೆಂದ. ಎರಡು ತುತ್ತಿಗೊಮ್ಮೆ ಎಡಗೈಯನ್ನು ಮೂಗಿನ ಹತ್ತಿರ ಒಯ್ಯುತ್ತಿದ್ದ.

ನಾನೂ ನನ್ನ ಅಂಗೈ ಮೂಸಿ ನೋಡಿದೆ. ಕುಸುಬಿ ಎಣ್ಣೆ, ಕಬ್ಬಿಣ. ಹೊಲದಿಂದ ಬಂದ ಅಪ್ಪ ಕಟ್ಟೆಯ ಮೇಲೆ ಕೂತು ಬಂದೂಕು ಒರೆಸಿ, ಅದೇ ಕೈಯಿಂದ ನಮ್ಮ ತಲೆ ಸವರುತ್ತಿದ್ದ. ಅದು ನನಗೆ ಮರೆತೇ ಹೋಗಿತ್ತು. ಅಣ್ಣನಿಗೆ ಮರೆತಿರಲಿಲ್ಲ.

ಊಟ ಮುಗಿದ ಮೇಲೆ ವೈನಿ ಮತ್ತೆ ತಂಬಿಗೆ ಹಿಡಿದು ಬಂದು ನಿಂತರು.

"ಆಮ್ಯಾಗ" ಅಂದ ಅಣ್ಣ.