ಇಬ್ಬರ ಮೇಜು

ನನ್ನ ಅಕ್ಕನಿಗೆ ಹಡಗು ಹತ್ತುವ ಆಸೆ ಯಾವತ್ತೂ ಇರಲಿಲ್ಲ. ನನಗಂತೂ ಮೊದಲೇ ಇಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗದಿದ್ದರೆ ಹೊಟ್ಟೆ ತೊಳಸುವ ಜಾತಿ ನನ್ನದು. ಆದರೆ ಅಕ್ಕನ ಮಗಳು ಕೇಳಬೇಕಲ್ಲ! “ಅಪ್ಪ ಅಮ್ಮನ ಮದುವೆಯಾಗಿ ನಲವತ್ತು ವರ್ಷ ಆಯ್ತು. ಇಬ್ರೂ ಒಟ್ಟಿಗೆ ಎಲ್ಲಿಗಾದ್ರೂ ಹೋಗಿದ್ದುಂಟಾ? ಈ ಸಲ ಕ್ರೂಸ್‌ಗೆ ಹೋಗೋದೇ. ಚಿಕ್ಕಮ್ಮಾ, ನೀನೂ ಬಾ” ಎಂದು ಟಿಕೆಟ್ ತಂದು ಕೈಗೇ ಇಟ್ಟಳು. ಒಳ್ಳೆಯ ಹುಡುಗಿ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ನಾನು ಅವಳ ಮೇಲೆ ರೇಗುವುದಿದೆ.

ಒಟ್ಟಿಗೆ ಎಲ್ಲಿಗೂ ಹೋಗಿಲ್ಲ ಎಂದು ಅವಳು ಹೇಳಿದ್ದು ನಿಜ. ಅಕ್ಕ ಗಾರ್ಮೆಂಟ್ಸಿನಲ್ಲಿ ಅಂಗಿಗೆ ತೋಳು ಕೂಡಿಸುತ್ತಿದ್ದಳು. ಬಲತೋಳು ಮಾತ್ರ, ಎಡತೋಳು ಪಕ್ಕದ ಮಷೀನಿನವಳದ್ದು. ಭಾವ ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ನಾದುವ ಕಡೆ ಇದ್ದರು, ಅದೂ ರಾತ್ರಿ ಪಾಳಿ. ಬೆಳಿಗ್ಗೆ ಅವರು ಮೈತುಂಬ ಹಿಟ್ಟು ಮಾಡಿಕೊಂಡು ಬರುವ ಹೊತ್ತಿಗೆ ಇವಳು ಚಪ್ಪಲಿ ಮೆಟ್ಟಿ ನಿಂತಿರುತ್ತಿದ್ದಳು. “ಹಾಲು ಕುಡಿದಿದ್ದಾಳೆ, ಮೂಗು ಸೋರ್ತಿದೆ, ಊಟ ಮುಚ್ಚಿಟ್ಟಿದ್ದೀನಿ” ಎಂದು ಕೂಸನ್ನು ಅವರ ಕೈಗೆ ದಾಟಿಸಿ ಓಡುವುದು. ಸಂಜೆ ಅವಳು ಬಂದಾಗ ಅವರು ಹೊಸ್ತಿಲಲ್ಲಿ ನಿಂತು ಅದೇ ಕೂಸನ್ನು ಇವಳ ಕೈಗೆ ಕೊಟ್ಟು ಹೊರಡುವುದು. ಇವಳಿಗೆ ಭಾನುವಾರ ರಜೆ. ಜನ ಭಾನುವಾರವೂ ಬ್ರೆಡ್ ತಿನ್ನುತ್ತಾರಾದ್ದರಿಂದ ಅವರಿಗೆ ಇನ್ಯಾವುದೋ ದಿನ. ಒಬ್ಬರ ಮುಖ ಒಬ್ಬರು ನೋಡದೆ ಇವರಿಗೆ ಮಗು ಆಗಿದ್ದಾದರೂ ಹೇಗೆ ಎಂದು ನಾನೇ ಒಮ್ಮೆ ಕೇಳಿ, ಅಕ್ಕನಿಂದ ಸೌಟಿನ ಏಟು ತಿಂದಿದ್ದೇನೆ.

ಕೆಲಸದಿಂದ ಬಿಡುಗಡೆಯಾದ ಮೇಲೆ ಇನ್ನು ಇಬ್ಬರೂ ಕೂತು ಉಣ್ಣಬಹುದು ಅಂದುಕೊಂಡರು. ಅಷ್ಟರಲ್ಲಿ ಮೊಮ್ಮಗಳು ಬಂದಳು, ಅವಳ ಹಿಂದೆಯೇ ಮೊಮ್ಮಗ. ಮಗಳು ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಲ್ಲುವವಳು. ಅಳಿಯ ಲಿಫ್ಟ್ ರಿಪೇರಿಯವನು. ಯಾವ ಹೊತ್ತಿಗೆ ಎಲ್ಲಿ ಯಾರು ಸಿಕ್ಕಿಹಾಕಿಕೊಳ್ಳುತ್ತಾರೋ ಹೇಳಲಾಗದು. ಮಕ್ಕಳನ್ನು ನೋಡಿಕೊಳ್ಳಬೇಕಾದವರು ಯಾರು ಎಂದು ಬಾಯಿಬಿಟ್ಟು ಯಾರೂ ಮಾತಾಡಲಿಲ್ಲ. ಅಕ್ಕ ಭಾವ ತಮ್ಮ ಪೆಟ್ಟಿಗೆ ಕಟ್ಟಿಕೊಂಡು ಮಗಳ ಮನೆಗೆ ಬಂದರು.

ದೊಡ್ಡವಳನ್ನು ನಾವು ಪಟಾಕಿ ಅನ್ನುತ್ತೇವೆ. ಐದು ವರ್ಷ. ಕೂತಲ್ಲಿ ಕೂರುವುದಿಲ್ಲ, ಹೇಳಿದ್ದು ಕೇಳುವುದಿಲ್ಲ, ಕೇಳಿದ್ದಕ್ಕೆಲ್ಲ ‘ಯಾಕೆ’ ಅನ್ನುತ್ತಾಳೆ. ಚಿಕ್ಕವನು ಅಂಟು. ಇನ್ನೂ ಮೂರು ತುಂಬಿಲ್ಲ, ಅಜ್ಜಿಯ ಮೈಗೆ ಅಂಟಿಕೊಂಡರೆ ಸೋಪು ಹಾಕಿ ತೊಳೆದರೂ ಬಿಡುವುದಿಲ್ಲ. ಇಬ್ಬರನ್ನೂ ಒಂದೇ ಕಡೆ ಬಿಟ್ಟರೆ ಕೂದಲು ಕಿತ್ತಾಡುತ್ತಾರೆ.

ಹಡಗಿನಲ್ಲಿ ಮಕ್ಕಳಿಗೆಂದೇ ಆಟದ ಕೋಣೆ ಇದೆ, ಅಲ್ಲಿ ಬಿಟ್ಟರೆ ಎಲ್ಲರೂ ಆರಾಮಾಗಿರಬಹುದು ಎಂದು ಮಗಳು ನಂಬಿದ್ದಳು. ಹೋಗಿ ನೋಡಿದರೆ ಇನ್ನೂ ಚಡ್ಡಿ ಒದ್ದೆ ಮಾಡಿಕೊಳ್ಳುವ ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ. ಅಂಟು ಬಾಗಿಲಲ್ಲೇ ಫೇಲಾದ. ಪಟಾಕಿ ಒಳಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಬಣ್ಣದ ಟೀ ಶರ್ಟಿನ ಹುಡುಗಿಯೊಬ್ಬಳು ನಗುನಗುತ್ತಲೇ ಅವಳನ್ನು ವಾಪಸು ತಂದುಬಿಟ್ಟಳು. ಯಾರದೋ ಕೈ ಕಚ್ಚಿದ್ದಳಂತೆ. “ಅವನು ನನ್ನ ಸರದೀಲಿ ಜಾರಿದ” ಎಂದು ಪಟಾಕಿ ವಾದ ಮಾಡಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಹಾಗಾಯಿತು.

ಮಗಳು ಅಳಿಯ ಇಬ್ಬರನ್ನೂ ಹುಡುಕಿಕೊಂಡು ಅಕ್ಕ ಹೋದರೆ ಅವರು ಮೇಲಿನ ಡೆಕ್ಕಿನಲ್ಲಿ ಒರಗು ಕುರ್ಚಿಗಳ ಮೇಲೆ, ಬೂಟು ಕೂಡ ಬಿಚ್ಚದೆ, ಬಾಯಿ ತೆರೆದು ಮಲಗಿದ್ದರು. ಸ್ವಲ್ಪ ಹೊತ್ತು ನಿಂತು ನೋಡಿ, “ಪಾಪ, ಎಷ್ಟು ದಿನದ ನಿದ್ದೆಯೋ” ಎಂದು ಮಗಳ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಒಂದು ಟವೆಲ್ಲು ಅಡ್ಡ ಕಟ್ಟಿ ಕೆಳಗೆ ಬಂದಳು.

ಅಲ್ಲಿಂದ ಶುರುವಾಯಿತು ನೋಡಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಗಾದೆ ಮಾಡಿದವರು ಈ ಇಬ್ಬರನ್ನೂ ನೋಡಿಯೇ ಮಾಡಿರಬೇಕು. ಪಟಾಕಿಗೆ ಈಜುಕೊಳವೇ ಆಗಬೇಕು, ಅಂಟುವಿಗೆ ಲಿಫ್ಟಿನಲ್ಲಿ ಮೇಲೆ ಹೋಗುವುದೇ ಆಗಬೇಕು. ಅಕ್ಕ ಭಾವ ಏನೂ ಮಾತಾಡಿಕೊಳ್ಳಲಿಲ್ಲ. ಹಳೆಯ ಅಭ್ಯಾಸ, ತಾನಾಗಿ ಪಾಳಿ ಬಿತ್ತು. ಭಾವ ಮೊಣಕಾಲವರೆಗೆ ಪ್ಯಾಂಟು ಮಡಚಿ ಕೊಳದ ದಂಡೆಯಲ್ಲಿ ಪಟಾಕಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವರು. ಅಕ್ಕ ಅಂಟುವಿನ ಜೊತೆ ಲಿಫ್ಟಿನಲ್ಲಿ ಮೇಲೆ ಕೆಳಗೆ, ಮೇಲೆ ಕೆಳಗೆ. ಅವನು ಪ್ರತಿ ಅಂತಸ್ತಿನಲ್ಲೂ ಹೊರಗೆ ಇಣುಕಿ “ಸಮುದ್ರ ಇದೆ!” ಅನ್ನಬೇಕು, ಇವಳು “ಹೌದಾ! ಇನ್ನೂ ಇದ್ಯಾ!” ಎಂದು ಬೆರಗಾಗಬೇಕು. ಬೆರಗಾಗಿ ಬೆರಗಾಗಿ ಅವಳ ದನಿ ಬಿದ್ದುಹೋಯಿತು. ಊಟದ ಹೊತ್ತಿಗೆ ಇಬ್ಬರೂ ಕಾರಿಡಾರಿನಲ್ಲಿ ಎದುರಾಗುವರು. “ಇವಳು ಎರಡು ಐಸ್ ಕ್ರೀಮ್ ತಿಂದಿದ್ದಾಳೆ, ಮೂರನೇದು ಕೇಳ್ತಾಳೆ, ಕೊಡಬೇಡ” ಎಂದು ಅವರು. “ಇವನು ಮಲಗಿಲ್ಲ, ಕಿವಿ ತಿಕ್ಕೋತಿದ್ದಾನೆ” ಎಂದು ಇವಳು. ಮಕ್ಕಳನ್ನು ಅದಲುಬದಲು ಮಾಡಿಕೊಂಡು ಒಬ್ಬರು ಇತ್ತ, ಒಬ್ಬರು ಅತ್ತ.

ನಾನು? ನಾನು ಮೊದಲ ದಿನವೇ ಹಾಸಿಗೆ ಹಿಡಿದೆ. ಹಡಗು ಒಂದು ಸಲ ಬಲಕ್ಕೆ ವಾಲಿದರೆ ನನ್ನ ಹೊಟ್ಟೆ ಎರಡು ಸಲ ವಾಲುತ್ತಿತ್ತು. ಮಗಳು ಅಳಿಯನಿಗೆ ಬೇರೆ ಕೋಣೆ, ಉಳಿದ ನಾವೈದೂ ಜನ ಇದ್ದದ್ದು ಒಂದೇ ಕ್ಯಾಬಿನ್ನಿನಲ್ಲಿ, ಕೆಳಗೆರಡು ಮೇಲೆರಡು ಮಂಚ. ಕೆಳಗಿನ ಒಂದರಲ್ಲಿ ಅಕ್ಕನಿಗೆ ಅಂಟಿಕೊಂಡು ಅಂಟು, ಇನ್ನೊಂದರಲ್ಲಿ ಕೈಯಲ್ಲಿ ಚೀಲ ಹಿಡಿದ ನಾನು. ಮೇಲಿನದಕ್ಕೆ ಭಾವ ಏಣಿ ಹತ್ತಬೇಕಿತ್ತು. ಮೂಳೆಗಳೆಲ್ಲ ಸದ್ದು ಮಾಡುತ್ತಿದ್ದವು.

ಮಲಗಿದಲ್ಲಿಂದಲೇ ನಾನು ಎಲ್ಲ ನೋಡುತ್ತಿದ್ದೆ. ಕೋಣೆ ಗುಡಿಸಲು ಬರುವವನು ದಿನಾ ಟವೆಲ್ಲುಗಳನ್ನು ಮಡಚಿ ಆನೆಯೋ ಮೊಲವೋ ಮಾಡಿಟ್ಟು ಹೋಗುತ್ತಿದ್ದ. ಅವನ್ನು ಬಿಚ್ಚಿದರೆ ಅಂಟು ಹೋ ಎಂದು ಅಳುವನು. ಹಾಗಾಗಿ ನಮ್ಮ ಕೋಣೆಯಲ್ಲಿ ಪ್ರಾಣಿ ಸಂಗ್ರಹಾಲಯವೇ ಆಯಿತು, ಸ್ನಾನ ಮಾಡಿದವರು ಬಿಚ್ಚಿ ಹಾಕಿದ ಬಟ್ಟೆಯಲ್ಲೇ ಮೈ ಒರೆಸಿಕೊಳ್ಳಬೇಕಾಯಿತು. ಮಕ್ಕಳು ತೀರಾ ಹಟಕ್ಕೆ ಬಿದ್ದಾಗ ಭಾವ ತಮ್ಮ ಕಸುಬು ತೆಗೆಯುತ್ತಿದ್ದರು. ಅಂಟುವನ್ನು ಮಂಚದ ಮೇಲೆ ಅಂಗಾತ ಹಾಕಿ, “ಹಿಟ್ಟು ಬಂತಾ? ನೀರು ಹಾಕಿದ್ರಾ?” ಎಂದು ಹೊಟ್ಟೆ ಬೆನ್ನು ಎಲ್ಲ ನಾದುವುದು, ಉರುಳಿಸುವುದು, ಕಂಬಳಿ ಮುಚ್ಚಿ ಉಬ್ಬಲು ಬಿಡುವುದು. ಆಮೇಲೆ ಎತ್ತಿ ಬಟ್ಟೆ ಕಪಾಟಿನೊಳಗೆ ಬೇಯಲು ಇಡುವುದು. “ಬೆಂತಾ?” ಎಂದು ಕೇಳಿದರೆ ಒಳಗಿನಿಂದ “ಇನ್ನೂ ಇಲ್ಲ!” ಎಂಬ ಕೂಗು. ಪಟಾಕಿಗೂ ಬ್ರೆಡ್ಡಾಗಬೇಕು. ಆಟ ಮುಗಿಯುವ ಹೊತ್ತಿಗೆ ಮಕ್ಕಳಿಗೆ ಹೊಸ ಹುರುಪು ಬಂದಿರುತ್ತಿತ್ತು, ಭಾವ ಮಾತ್ರ ಸೊಂಟ ಹಿಡಿದುಕೊಂಡು ನೆಲಕ್ಕೆ ಕೂತುಬಿಡುತ್ತಿದ್ದರು.

ಒಂದು ಸಂಜೆ ಅಕ್ಕ ನನ್ನ ಕಾಲ ಬಳಿ ಬಂದು ಕೂತಳು. ತೊಡೆಯ ಮೇಲೆ ಅಂಟು ನಿದ್ದೆ ಹೋಗಿದ್ದ.

“ಗಾಜಿನ ಬಾಗಿಲಿನ ಊಟದ ಹಾಲ್ ಒಂದಿದೆ ಕಣೆ. ಕಿಟಕಿ ಪಕ್ಕ ಒಂದು ಮೇಜು, ಎರಡೇ ಕುರ್ಚಿ. ಲಿಫ್ಟಿಂದ ಇಳಿದಾಗೆಲ್ಲ ಕಾಣತ್ತೆ.”

“ಸರಿ, ಅದಕ್ಕೆ?”

“ಅಲ್ಲಿ ಒಂದು ಸಲ ಇವರ ಎದುರಿಗೆ ಕೂತು ಊಟ ಮಾಡ್ಬೇಕು. ಯಾರಿಗೂ ತುತ್ತು ಕೊಡದೆ, ಯಾರ ಬಾಯೂ ಒರೆಸದೆ. ಒಂದೇ ಒಂದು ಸಲ.”

ಅಕ್ಕನ ಬಾಯಲ್ಲಿ ‘ನನಗೆ ಬೇಕು’ ಅನ್ನುವ ಮಾತು ಕೇಳಿ ನನಗೆ ವಾಂತಿ ಕೂಡ ನಿಂತುಹೋಯಿತು. ಅವಳದ್ದೇನಿದ್ದರೂ ‘ಆಯ್ತು ಬಿಡು’. ಅವಳ ಮೇಲೆ ಎಷ್ಟು ಹೊರೆ ಹೇರಿದರೂ ‘ಆಯ್ತು ಬಿಡು’. ನನಗೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು.

ಮಾರನೇ ದಿನ ಅವಳೇ ಹೋಗಿ ಆ ಊಟದ ಹಾಲ್ ನೋಡಿಕೊಳ್ಳುವವನನ್ನು ಕೇಳಿದಳು. ಆ ಮೇಜಿಗೆ ಬಹಳ ಬೇಡಿಕೆ, ಕೊನೆಯ ದಿನ ಸಂಜೆ, ಹೊತ್ತು ಮುಳುಗುವ ಮುಂಚೆ ಮಾತ್ರ ಖಾಲಿ ಅಂದನಂತೆ. ಮಗಳು “ಅಮ್ಮಾ, ಖಂಡಿತಾ ಹೋಗಿ. ಮಕ್ಕಳನ್ನ ನಾವು ನೋಡ್ಕೋತೀವಿ” ಅಂದಳು. ಅಕ್ಕ ತಾನೇ ಹೊಲಿದ ನೀಲಿ ಉಡುಪನ್ನು ತೆಗೆದು, ಮಡಿಕೆ ಬಿಡಲೆಂದು ಕಪಾಟಿನ ಬಾಗಿಲಿಗೆ ತೂಗುಹಾಕಿದಳು. ಭಾವ ಗಡ್ಡ ಬೋಳಿಸಿಕೊಂಡರು. ಅಂಟು ಅವರ ನುಣ್ಣನೆ ಕೆನ್ನೆ ಮುಟ್ಟಿ ಮುಟ್ಟಿ ನೋಡಿದ.

ಕೊನೆಯ ದಿನ ಇಳಿಹೊತ್ತಿಗೆ ಮಗಳು ಬಂದು ಬಾಗಿಲಲ್ಲಿ ನಿಂತಳು. ಕಾಲು ಬದಲಿಸುತ್ತಿದ್ದಳು.

“ಅಮ್ಮಾ, ಜಾದೂ ಶೋಗೆ ಇವರು ಸೀಟ್ ಹಿಡಿದಿದ್ದಾರೆ. ಇವತ್ತು ಬಿಟ್ರೆ ಇಲ್ಲ. ಮಕ್ಕಳನ್ನ ಒಳಗೆ ಬಿಡಲ್ವಂತೆ. ನೀವು ಮಕ್ಕಳ ಜೊತೇಲೇ ಆ ಕಡೆ ದೊಡ್ಡ ಹಾಲಲ್ಲಿ ಊಟ ಮಾಡಿದ್ರೆ ಆಗಲ್ವಾ? ಊಟ ಎಲ್ಲ ಕಡೆ ಒಂದೇ ಅಂತೆ.”

ಅಕ್ಕ ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಭಾವ ಶೂ ಬಿಚ್ಚತೊಡಗಿದರು.

“ಆಯ್ತು ಬಿಡು” ಅಂದಳು ಅಕ್ಕ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಎಲ್ಲರಿಗೂ ಗೊತ್ತು. ಎದ್ದು ಕೂತೆ. “ಏನು ಆಯ್ತು ಬಿಡು? ಭಾವ, ಆ ಶೂ ಹಾಕ್ಕೊಳ್ಳಿ! ಮಕ್ಕಳನ್ನ ನಾನು ನೋಡ್ಕೋತೀನಿ.”

“ಚಿಕ್ಕಮ್ಮಾ, ನಿನಗೆ ನಿಲ್ಲೋಕೇ ಆಗಲ್ಲ” ಎಂದಳು ಮಗಳು.

“ನಿಲ್ಲೋಕಾಗ್ದೇ ಇದ್ರೆ ಕೂತ್ಕೊಂಡು ನೋಡ್ಕೋತೀನಿ. ನೀನು ಹೋಗಿ ಜಾದೂ ನೋಡು. ಆ ಜಾದೂಗಾರನಿಗೆ ಹೇಳು, ಈ ಮಕ್ಕಳನ್ನ ಒಂದು ಗಂಟೆ ಮಾಯ ಮಾಡು ಅಂತ.”

ಹೀಗೆ ನಾನು ಒಂದು ಕೈಯಲ್ಲಿ ಅಂಟುವನ್ನೂ, ಇನ್ನೊಂದರಲ್ಲಿ ಪಟಾಕಿಯನ್ನೂ ಹಿಡಿದು, ಕಂಕುಳಲ್ಲಿ ವಾಂತಿಯ ಚೀಲ ಸಿಕ್ಕಿಸಿಕೊಂಡು ಹೊರಟೆ. ಲಿಫ್ಟಿನ ಆಟ ಎರಡೇ ಸುತ್ತಿಗೆ ನನ್ನ ಕಣ್ಣಿಗೆ ಕತ್ತಲೆ ತಂದಿತು. ಸಾಕೆಂದು ಇಳಿದರೆ ಎದುರಿಗೇ ಆ ಗಾಜಿನ ಬಾಗಿಲು. ಅಂಟು “ಅಜ್ಜಿ!” ಎಂದು ಕಿರುಚಿ ಗಾಜಿಗೆ ಮೂಗು ಒತ್ತಿ ನಿಂತ. ನಾನು ಅವನ ಅಂಗಿಯ ಕಾಲರ್ ಹಿಡಿದುಕೊಂಡೆ.

ಇಬ್ಬರೂ ಆ ಮೇಜಿನಲ್ಲಿದ್ದರು. ಬಿಳಿ ಬಟ್ಟೆ, ಎರಡು ತಟ್ಟೆ, ಆಚೆ ಕಿಟಕಿಯಲ್ಲಿ ನೀರು. ಅಕ್ಕ ನೆಟ್ಟಗೆ ಕೂತು ಏನೋ ಹೇಳುತ್ತಿದ್ದಳು. ಭಾವ ತಲೆ ಆಡಿಸುತ್ತಿದ್ದರು. ಸರಿಯಾಗಿ ನೋಡಿದೆ. ತಲೆ ಆಡಿಸುತ್ತಿರಲಿಲ್ಲ, ತೂಕಡಿಸುತ್ತಿದ್ದರು. ಊಟ ತಂದವನು ತಟ್ಟೆ ಇಡುವ ಹೊತ್ತಿಗೆ ಅವರ ಗಲ್ಲ ಎದೆಗೆ ಬಿದ್ದು, ನಿದ್ದೆಯೇ ಹತ್ತಿಬಿಟ್ಟಿತ್ತು.

“ತಾತ ಮಲಗಿದ್ದಾನೆ. ಯಾಕೆ?” ಅಂದಳು ಪಟಾಕಿ. “ನಾನು ಹೋಗಿ ಎಬ್ಬಿಸ್ತೀನಿ.”

“ನೀನಲ್ಲ, ನಾನೇ ಹೋಗಿ ಎಬ್ಬಿಸ್ತೀನಿ” ಎಂದು ಬಾಗಿಲ ಹಿಡಿಗೆ ಕೈ ಹಾಕಿದೆ. ನಿಜವಾಗಿ ಹೇಳುತ್ತೇನೆ, ಆ ಮನುಷ್ಯನ ಕಾಲರನ್ನೇ ಹಿಡಿದು ಅಲುಗಿಸಬೇಕು ಅನ್ನಿಸಿತ್ತು. ಊಟ ತಂದವನೂ ಅವರ ಭುಜ ಮುಟ್ಟಲು ಬಗ್ಗಿದ. ಅಕ್ಕ ಕೈ ಅಡ್ಡ ಹಿಡಿದಳು. ಅವನು ಹಿಂದೆ ಸರಿದ. ನಾನೂ ಬಾಗಿಲ ಹಿಡಿ ಬಿಟ್ಟೆ.

ಅಕ್ಕ ಮೊದಲು ತನ್ನ ತಟ್ಟೆಯದ್ದು ತಿಂದಳು, ಬಿಡುವಿನ ಗಂಟೆ ಮುಗಿಯುವುದರೊಳಗೆ ತಿನ್ನುವವರ ಹಾಗೆ ಗಬಗಬನೆ. ಆಮೇಲೆ ಅವರ ತಟ್ಟೆ ಎಳೆದುಕೊಂಡು ಅದನ್ನೂ ತಿಂದಳು, ಅದನ್ನು ಮಾತ್ರ ನಿಧಾನವಾಗಿ. ಕಿಟಕಿಯ ಕಡೆ ಒಮ್ಮೆಯೂ ತಿರುಗಲಿಲ್ಲ. ಮಕ್ಕಳು ಎಳೆದು ಎಳೆದು ನನ್ನನ್ನು ಅಲ್ಲಿಂದ ಕರೆದುಕೊಂಡು ಹೋದರು.

ಮಾರನೇ ಬೆಳಿಗ್ಗೆ ಹಡಗು ದಡಕ್ಕೆ ಬಂದು ಎಲ್ಲರೂ ಇಳಿಯುವ ಸಾಲಿನಲ್ಲಿ ನಿಂತೆವು. ಮುಂದೆ ಮಗಳು ಅಳಿಯ ಪೆಟ್ಟಿಗೆಗಳನ್ನು ತಳ್ಳುತ್ತಿದ್ದರು, ಪಟಾಕಿ ಒಂದು ಪೆಟ್ಟಿಗೆಯ ಮೇಲೆ ಸವಾರಿ ಕೂತಿದ್ದಳು. ಅವರ ಹಿಂದೆ ಭಾವ, ಹೆಗಲ ಮೇಲೆ ಅಂಟು. ಕೊನೆಗೆ ನಾನು, ಅಕ್ಕ.

“ಎಬ್ಬಿಸಬಾರದಿತ್ತಾ ಅಕ್ಕಾ?” ಅಂದೆ. “ಸಿಟ್ಟು ಬರ್ಲಿಲ್ವಾ ನಿನಗೆ?”

“ಬರದೆ ಇರತ್ತಾ? ಚಮಚ ತಗೊಂಡು ತಲೆ ಮೇಲೆ ಕುಟ್ಟೋಣ ಅನ್ನಿಸ್ತು. ಅಳೂನೂ ಬಂತು.” ಸಾಲು ಸ್ವಲ್ಪ ಮುಂದೆ ಸರಿಯಿತು, ನಾವೂ ಸರಿದೆವು. “ಎದ್ದ ಮೇಲೆ ‘ನನ್ನ ಊಟ ಎಲ್ಲಿ’ ಅಂದ್ರು. ನಾನೇ ತಿಂದೆ ಅಂದೆ. ಪಾಪ, ಮುಖ ಸಣ್ಣಗಾಗೋಯ್ತು.”

“ಅಷ್ಟು ಹೊತ್ತು ಏನು ಮಾಡಿದೆ?”

“ಅವರನ್ನೇ ನೋಡ್ತಾ ಕೂತಿದ್ದೆ. ಇಷ್ಟು ವರ್ಷ ಅವರು ಮಲಗೋ ಮುಂಚೇನೇ ನಾನು ಬಾಗಿಲು ಎಳ್ಕೊಂಡು ಕೆಲಸಕ್ಕೆ ಓಡ್ತಿದ್ದೆ. ಈಗಲೂ ಇವರು ಮಲಗಿದ್ರೆ ನಾನು ಯಾವುದಾದ್ರೂ ಮಗೂನ ಎತ್ಕೊಂಡು ಆಚೆ ಹೋಗ್ತೀನಿ, ಗಲಾಟೆ ಆಗ್ದಿರ್ಲಿ ಅಂತ. ನಿನ್ನೆ ಎಲ್ಲಿಗೂ ಓಡೋದಿರ್ಲಿಲ್ಲ.” ಅವಳು ಮುಂದೆ ನಿಂತ ಭಾವನ ಕತ್ತಿನ ಹಿಂಭಾಗವನ್ನು ನೋಡುತ್ತಿದ್ದಳು. “ಯಾವಾಗ ಇಷ್ಟೊಂದು ಮುದುಕರಾದರೋ ನನಗೆ ಗೊತ್ತೇ ಆಗ್ಲಿಲ್ಲ ಕಣೆ.”

ನಾನು ವಾಂತಿಯ ಚೀಲವನ್ನು ಮಡಚಿ ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡೆ.

ಇಳಿಜಾರಿನ ಹಲಗೆ ಹತ್ತಿರ ಬಂತು. ಅಕ್ಕ ನನ್ನನ್ನು ದಾಟಿ ಮುಂದೆ ಹೋದಳು. ಭಾವನ ಹೆಗಲಿನಿಂದ ಅಂಟುವನ್ನು ಇಳಿಸಿಕೊಂಡಳು. ಅವನು ಎಂದಿನಂತೆ ಅವಳ ಕತ್ತು ತಬ್ಬಲು ಹೋದ. ಅವನ ಕೈಗಳನ್ನು ಬಿಡಿಸಿ, ಮಗಳನ್ನು ಕರೆದು ಅವಳ ತೋಳಿಗೆ ಕೊಟ್ಟಳು.

“ಇವನನ್ನ ನೀನು ಹಿಡ್ಕೋ.”

“ಅಮ್ಮಾ, ಪೆಟ್ಟಿಗೆ ಇದೆ…”

“ಪೆಟ್ಟಿಗೆ ನಿನ್ನ ಗಂಡ ತಳ್ತಾನೆ. ನಾನು ನಿಮ್ಮಪ್ಪನ ಕೈ ಹಿಡ್ಕೋಬೇಕು, ಇಲ್ಲಿ ಜಾರತ್ತೆ.”

ಅಂಟು ಕೈಕಾಲು ಬಡಿದು ಅಳತೊಡಗಿದ. ಮಗಳು ಅಮ್ಮನ ಮುಖವನ್ನೇ ನೋಡುತ್ತಾ ಅವನನ್ನು ಸೊಂಟಕ್ಕೆ ಏರಿಸಿಕೊಂಡಳು.

“ಅಳ್ತಿದ್ದಾನಲ್ಲೇ” ಅಂದರು ಭಾವ, ತಿರುಗಿ.

“ಅಳ್ಲಿ” ಅಂದಳು ಅಕ್ಕ. “ನೀವು ನಿಧಾನಕ್ಕೆ ಕಾಲಿಡಿ.”